ಉಪ್ಪು ಬಿತ್ತು

ಮೂರನೆಯ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಉಪ್ಪಿಗೆಂದೇ ಒಬ್ಬ ಮಂತ್ರಿಯಿದ್ದ. ಪೇಟವಿಲ್ಲ, ಪಲ್ಲಕ್ಕಿಯಿಲ್ಲ, ಮೊಣಕೈವರೆಗೆ ಮಡಿಸಿದ ನೀಲಿ ಅಂಗಿ, ಎಷ್ಟು ತಿಕ್ಕಿದರೂ ಉಗುರ ಸಂದಿಯಿಂದ ಹೋಗದ ಗ್ರೀಸು. ದೊಡ್ಡ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುವುದು ಅವನ ಹೊಟ್ಟೆಪಾಡು. ಬೀದಿಯವರೆಲ್ಲ ಅವನನ್ನು ಲಿಫ್ಟಪ್ಪ ಎಂದೇ ಕರೆಯುತ್ತಿದ್ದರು. ಅವನಿದ್ದ ಕಟ್ಟಡಕ್ಕೆ ಮಾತ್ರ ಲಿಫ್ಟಿರಲಿಲ್ಲ. ದಿನವಿಡೀ ಊರನ್ನೆಲ್ಲ ಮೇಲೆತ್ತಿ ಇಳಿಸಿ, ಸಂಜೆ ತಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದ.

ಮಂತ್ರಿ ಪದವಿ ಅವನಿಗೆ ಪುಕ್ಕಟೆ ಸಿಕ್ಕಿದ್ದಲ್ಲ, ಒಂದು ಯುದ್ಧ ನಿಲ್ಲಿಸಿ ಗಳಿಸಿದ್ದು. ಅವನಿಗೆ ಮದುವೆಯಾದ ಹೊಸತರಲ್ಲಿ ಇಬ್ಬರು ನಿಂತರೆ ಮೂರನೆಯವರು ಕೈ ಎತ್ತಲಾಗದ ಆ ಅಡುಗೆಮನೆಯಲ್ಲಿ ಅವನ ಅಮ್ಮ ಮತ್ತು ಹೆಂಡತಿ ಇಬ್ಬರೂ ಇರುತ್ತಿದ್ದರು. ಅತ್ತೆ ಹಾಕಿದ ಉಪ್ಪು ಸೊಸೆಗೆ ಗೊತ್ತಾಗುತ್ತಿರಲಿಲ್ಲ, ಸೊಸೆ ಹಾಕಿದ್ದು ಅತ್ತೆಗೆ. ಒಂದು ದಿನ ಇಬ್ಬರೂ ಹಾಕಿ ಬಾಣಲೆ ಕಡಲಾಗುತ್ತಿತ್ತು. ಮರುದಿನ ಇಬ್ಬರೂ ಮುನಿದು ಕೈಕಟ್ಟಿ ನಿಂತು ಊಟವೆಲ್ಲ ಸಪ್ಪೆ. ನೀನು ಹಾಕಿದ್ಯಾ, ನೀವು ಹಾಕಿದ್ರಾ, ಹೇಳೋದಲ್ವೇನೇ, ನೀವು ಕೇಳಬಹುದಿತ್ತಲ್ಲ. ಒಂದು ಸಂಜೆ ಅವನು ಬಂದು ನೋಡಿದರೆ ಎರಡೂ ಮುಖಗಳು ಊದಿಕೊಂಡಿದ್ದವು. ಉಪ್ಪಿನ ಗಾಜಿನ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊಸ್ತಿಲ ಮೇಲೆ ನಿಂತ.

"ಇವತ್ತಿಂದ ಉಪ್ಪಿನ ಖಾತೆ ನಂದು. ನಾನು ಬಂದ ಮೇಲೇ ಉಪ್ಪು. ಯಾರಾದ್ರೂ ಮುಟ್ಟಿದ್ರೆ ಗಡೀಪಾರು."

"ಲಿಫ್ಟ್ ರಿಪೇರಿ ಮಾಡೋನಿಗೆ ಉಪ್ಪಿನ ಅಳತೆ ಏನು ಗೊತ್ತೋ?" ಅಂದರು ಅಮ್ಮ.

"ಭಾರ ಹೆಚ್ಚಾದ್ರೆ ಲಿಫ್ಟು ಕೂಗುತ್ತೆ ಅಮ್ಮ. ನಿನ್ನ ಬಾಣಲೆ ಕೂಗಲ್ಲ. ಅದರ ಬದಲು ನೀವಿಬ್ರೂ ಕೂಗ್ತೀರಿ."

ಅತ್ತೆ ಮುಖ ತಿರುಗಿಸಿ ನಕ್ಕರು. ಸೊಸೆ ಸೆರಗಿನ ಮರೆಯಲ್ಲಿ ನಕ್ಕಳು. ಆ ದಿನದಿಂದ ಮನೆಗೊಂದು ಕಟ್ಟಳೆಯಾಯಿತು. ಮೊದಲು ಮನೆ ಸೇರಿದವರು ತೊಳೆದು ಹೆಚ್ಚಬೇಕು. ಎರಡನೆಯವರು ಒಲೆ ಹಚ್ಚಬೇಕು. ಕೊನೆಗೆ ಬಂದವನು ಉಪ್ಪು ಹಾಕಬೇಕು.

ಮೊದಲು ಬರುತ್ತಿದ್ದವರು ಅತ್ತೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುವ ಕೆಲಸ ಅವರದು. ಬರುವ ದಾರಿಯಲ್ಲಿ, ಬಸ್ ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಕಣ್ಣಿಗೆ ಯಾವುದು ನಗುತ್ತ ಕಂಡಿತೋ ಆ ತರಕಾರಿ ಕೊಳ್ಳುತ್ತಿದ್ದರು. ನಿನ್ನೆಯದು, ಫ್ರಿಜ್ಜಿನಲ್ಲಿಟ್ಟದ್ದು ಅವರಿಗೆ ಆಗದು. "ತಣ್ಣಗಿಟ್ಟು ಬಿಸಿ ಮಾಡೋ ಊಟ ಆಸ್ಪತ್ರೆದು. ನೋಡೀ ನೋಡೀ ಸಾಕಾಗಿದೆ" ಎನ್ನುವರು. ಸೊಸೆ ಬಾಗಿಲು ತೆರೆದಾಗ ಹಲಗೆಯ ಮೇಲೆ ಅಂದಿನ ಭವಿಷ್ಯ ಸಿದ್ಧವಾಗಿರುತ್ತಿತ್ತು: ಬೆರಳುದ್ದಕ್ಕೆ ಕತ್ತರಿಸಿದ ಬೀನ್ಸೋ, ನಾಲ್ಕು ಹೋಳಾದ ಟೊಮೇಟೊವೋ, ನೀರು ಸೋರುವ ಜರಡಿಯಲ್ಲಿ ಸೊಪ್ಪೋ.

ಅಲ್ಲಿಂದ ಮುಂದೆ ಅವಳ ಓಟ. ಬಟ್ಟೆ ಬದಲಿಸುವಷ್ಟರಲ್ಲಿ ಅನ್ನಕ್ಕಿಟ್ಟ ನೀರು ಕುದಿಯಬೇಕು. ಎಣ್ಣೆ ಕಾಯುವ ಮುಂಚೆಯೇ ಬೆಳ್ಳುಳ್ಳಿ ಬೀಳಬೇಕು. ಕಾದ ಮೇಲೆ ಬಿದ್ದರೆ ಅದು ಸಿಟ್ಟಾಗಿ ಕಹಿಯಾಗುತ್ತದೆ, ಮೊದಲೇ ಬಿದ್ದರೆ ಎಣ್ಣೆಯ ಜೊತೆಜೊತೆಗೇ ಬಿಸಿಯೇರಿ ಮೆಲ್ಲಗೆ ಹೊಂಬಣ್ಣಕ್ಕೆ ತಿರುಗುತ್ತದೆ. ಗಟ್ಟಿ ತರಕಾರಿ ಮೊದಲು, ನೀರಿನದು ಆಮೇಲೆ, ಸೊಪ್ಪು ಕೊನೆಗೆ. ಬುಟ್ಟಿಯಷ್ಟು ಹೋದ ಸೊಪ್ಪು ಕಣ್ಣೆದುರೇ ಮುಷ್ಟಿಯಷ್ಟಾಗುತ್ತದೆ. ಮುಚ್ಚಳ ಮುಚ್ಚಿ ಉರಿ ತಗ್ಗಿಸುವ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಅವನು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು ಬಂದು, ಡಬ್ಬಿಯಿಂದ ಚಿಟಿಕೆ ತೆಗೆದು, ಕೈಯನ್ನು ತಲೆಯ ಮೇಲೆತ್ತಿ ಮಳೆ ಬೀಳಿಸುವ ದೇವರ ಹಾಗೆ ಉಪ್ಪುದುರಿಸಿ, "ಬಿತ್ತು!" ಎನ್ನುತ್ತಿದ್ದ.

ಆ ಮನೆಯಲ್ಲಿ ಊಟಕ್ಕೆ ಬನ್ನಿ ಎಂದು ಯಾರೂ ಯಾರನ್ನೂ ಕರೆದದ್ದಿಲ್ಲ. ಬಿತ್ತು ಎಂದರೆ ತಟ್ಟೆಗಳು ಹೊರಬೀಳುತ್ತಿದ್ದವು.

ಹೀಗೆ ಅವರು ಸುಖವಾಗಿದ್ದರು ಎಂದು ಹೇಳಿ ಕತೆ ಮುಗಿಸಬಹುದಿತ್ತು. ಆದರೆ ಒಂದು ಸಂಜೆ ಬೀನ್ಸು ಬೆಂದು, ಬಾಣಲೆಗೆ ಮುಚ್ಚಳ ಬಿದ್ದು, ಇಬ್ಬರು ಹೆಂಗಸರು ಉಪ್ಪಿಗೆ ಕಾದು ಕೂತಿದ್ದಾಗ ಬೂಟಿನ ಸದ್ದಿನ ಬದಲು ಫೋನು ಬಂತು. ಬಸ್ಸಿನಲ್ಲಿ ಕೂತ ಹಾಗೇ ಅವನ ತಲೆ ಕಿಟಕಿಗೆ ವಾಲಿತ್ತಂತೆ. ದುಡಿದು ದಣಿದವನು, ನಿದ್ದೆ ಹೋಗಿದ್ದಾನೆ ಎಂದು ಪಕ್ಕದಲ್ಲಿದ್ದವರು ಎಬ್ಬಿಸಲಿಲ್ಲವಂತೆ. ತಲೆಯೊಳಗಿನ ನರವೊಂದು ಒಡೆದಿತ್ತು ಎಂದರು ಡಾಕ್ಟರು. ಎಷ್ಟು ಸಣ್ಣ ನರ ಎಂದು ತೋರಿಸಲು ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿದರು. ಸೊಸೆ ಆ ಬೆರಳುಗಳನ್ನೇ ನೋಡಿದಳು. ಉಪ್ಪಿನ ಚಿಟಿಕೆಯನ್ನು ಹಿಡಿಯುವುದೂ ಹಾಗೆಯೇ.

ಆಮೇಲಿನ ದಿನಗಳಲ್ಲಿ ಯಾರು ಯಾರೋ ಬಂದರು, ಪಾತ್ರೆಗಳಲ್ಲಿ ಊಟ ತಂದರು, ತೊಳೆದ ಪಾತ್ರೆ ಹಿಂದಕ್ಕೊಯ್ದರು. ಬಂದವರೆಲ್ಲ ಹೋದರು. ಅತ್ತೆ ಲಾಂಡ್ರಿಗೆ ಹೋಗತೊಡಗಿದರು, ಸೊಸೆ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ. ಮತ್ತೆ ಕೆಲಸಕ್ಕೆ ಹೋದ ಮೊದಲ ಸಂಜೆ ಅವಳು ಮನೆಗೆ ಬಂದಾಗ ಹಲಗೆಯ ಮೇಲೆ ಎಲೆಕೋಸು ಹೆಚ್ಚಿಟ್ಟಿತ್ತು. ಅವಳು ಒಲೆ ಹಚ್ಚಿದಳು. ಬೆಳ್ಳುಳ್ಳಿ ಹಾಕಿದಳು. ಎಲೆಕೋಸು ಬೆಂದಿತು. ಮುಚ್ಚಳ ಮುಚ್ಚಿ ಉರಿ ತಗ್ಗಿಸಿ, ಕೈ ಒರೆಸಿಕೊಂಡು, ಗೋಡೆಗೊರಗಿ ನಿಂತಳು. ಏನಕ್ಕೆ ನಿಂತಿದ್ದೇನೆ ಎಂದು ಸ್ವಲ್ಪ ಹೊತ್ತಿನ ಮೇಲೆ ನೆನಪಾಯಿತು. ಉಪ್ಪಿನ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಆ ಮನೆಯ ಪ್ರಾಣವೆಲ್ಲ ಆ ಡಬ್ಬಿಯೊಳಗೆ ಕೂತಂತಿತ್ತು. ಮುಚ್ಚಳ ತೆಗೆದರೆ ಇರುವುದೂ ಹಾರಿಹೋದೀತು. ಅವಳು ಮುಟ್ಟಲಿಲ್ಲ. ಅಷ್ಟರಲ್ಲಿ ಅತ್ತೆ ತಟ್ಟೆ ತೆಗೆದರು. ತಟ್ಟೆ ಎರಡೇ. ಇಬ್ಬರೂ ಬಡಿಸಿಕೊಂಡು ಉಂಡರು. ಉಪ್ಪಿರಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಅವಳೂ ಏನೂ ಅನ್ನಲಿಲ್ಲ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಮಾತಾಡದೆ ಬಿಟ್ಟ ಮಾತು ಗಟ್ಟಿಯಾಗುತ್ತ ಹೋಗುತ್ತದೆ, ಡಬ್ಬಿಯಲ್ಲಿ ಬಿಟ್ಟ ಉಪ್ಪು ಹೆಪ್ಪುಗಟ್ಟುವ ಹಾಗೆ. ಋತು ಬದಲಾಯಿತು, ಅಂಗಡಿಯಲ್ಲಿ ಬೀನ್ಸು ಹೋಗಿ ಕುಂಬಳ ಬಂತು, ಕುಂಬಳ ಹೋಗಿ ಎಳೆ ಬಟಾಣಿ ಬಂತು. ಆ ಮನೆಯಲ್ಲಿ ದಿನಾ ಸಂಜೆ ಬಿಸಿಬಿಸಿ, ಹಚ್ಚಹಸಿರು, ಸಪ್ಪೆ ಊಟ.

ಅವಳಿಗೆ ದುಃಖವಾಗುತ್ತಿತ್ತೇ ಎಂದರೆ ಹೌದೆನ್ನಲು ಬಾರದು. ಕಾಲು ಜೋಮು ಹಿಡಿದಾಗ ಕಾಲೇನೂ ಎಲ್ಲಿಗೂ ಹೋಗಿರುವುದಿಲ್ಲ, ಮುಟ್ಟಿದರೆ ಮಾತ್ರ ಬೇರೆಯವರ ಕಾಲಿನಂತಿರುತ್ತದೆ. ಅವಳಿಗೆ ಮೈಯೆಲ್ಲ ಹಾಗಿತ್ತು, ನಾಲಿಗೆಯೂ ಸೇರಿ. ಅತ್ತೆ ಇದನ್ನು ಬೇಕೆಂದೇ ಮಾಡುತ್ತಿದ್ದಾರೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಮಗ ಇಲ್ಲದ ಮನೆಯಲ್ಲಿ ಸೊಸೆಗೆ ಉಪ್ಪು ಯಾಕೆ ಎಂದೋ ಏನೋ. ಅನ್ನಿಸಿದ್ದು ನೋಯುವಷ್ಟು ದೂರ ಹೋಗುತ್ತಿರಲಿಲ್ಲ, ಅಲ್ಲೇ ನಿಂತುಬಿಡುತ್ತಿತ್ತು, ಎರಡು ಮಹಡಿಗಳ ನಡುವೆ ಕೆಟ್ಟ ಲಿಫ್ಟಿನ ಹಾಗೆ.

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಅವಳ ಕೆಲಸ. ಕತ್ತಲೆ, ಎದುರು ಗೋಡೆಯಲ್ಲಿ ಬೆಳಗುವ ಅಕ್ಷರಗಳು, ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಭಾರದ ಚೌಕಟ್ಟು. ಒಂದು ಗಾಜು ಹಾಕುವಳು, ತೆಗೆಯುವಳು, ಇನ್ನೊಂದು ಹಾಕುವಳು. "ಇದು ಸ್ಪಷ್ಟನೋ... ಇದು ಸ್ಪಷ್ಟನೋ? ಮೊದಲನೇದೋ, ಎರಡನೇದೋ?" ದಿನಕ್ಕೆ ಎಷ್ಟು ಸಲ ಕೇಳುತ್ತಾಳೋ ಅವಳಿಗೇ ಲೆಕ್ಕವಿಲ್ಲ. ನಿದ್ದೆಯಲ್ಲೂ ಕೇಳುತ್ತಾಳೆಂದು ಲಿಫ್ಟಪ್ಪ ಹಾಸ್ಯ ಮಾಡುತ್ತಿದ್ದ. ಕೆಲವರು ತಬ್ಬಿಬ್ಬಾಗಿ, "ಎರಡೂ ಒಂದೇ ಥರ ಕಾಣುತ್ತಮ್ಮ" ಎನ್ನುವುದುಂಟು. ಆಗ ಅವಳು ಹೇಳುವುದು ಒಂದೇ ಮಾತು: "ಪರವಾಗಿಲ್ಲ. ಕಣ್ಣು ಮುಚ್ಚಿ ತೆರೀರಿ. ಇನ್ನೊಂದು ಸಲ ನೋಡೋಣ."

ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವಳ ಅಣ್ಣನ ಫೋನು ಬಂತು. ಬೇರೆ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಅಣ್ಣನಿಗೆ ಮಾತೆಂದರೆ ಇಳಿಜಾರಿನಲ್ಲಿ ಬಿಟ್ಟ ಗಾಡಿ.

"ಪುಟ್ಟೀ, ಮೇಲಿನ ರೂಮಿಗೆ ಬಣ್ಣ ಹೊಡಿಸಿದೀನಿ ಕಣೇ. ನಿನ್ನತ್ತಿಗೆ ಪರದೆ ಬಟ್ಟೆ ಹಿಡ್ಕೊಂಡು ಕೂತಿದ್ದಾಳೆ. ಹಳದಿನೋ ಹಸಿರೋ ಹೇಳು."

"ಎರಡೂ ಒಂದೇ ಅಣ್ಣ."

"ಅದು ಹೇಗೇ ಒಂದಾಗುತ್ತೆ? ಸಿಗ್ನಲ್ಲಲ್ಲಿ ಹಾಗಂದ್ಕೊಂಡು ಹೊರಟೋರನ್ನ ನಾನು ನೋಡಿದೀನಿ." ಸ್ವಲ್ಪ ತಡೆದು ದನಿ ತಗ್ಗಿಸಿದ. "ಇಲ್ಲೊಂದು ಕನ್ನಡಕದಂಗಡಿಲಿ ಮಾತಾಡಿದೀನಿ. ಈ ವಾರದೊಳಗೆ ಹೇಳಿದ್ರೆ ಕೆಲಸ ನಿನಗೇ ಅಂದಿದ್ದಾರೆ, ಇಲ್ಲಾಂದ್ರೆ ಬೇರೆಯವರಿಗೆ. ಶುಕ್ರವಾರ ಸಂಜೆ ಬರ್ತೀನಿ. ಹೂಂ ಅಂದ್ರೆ ಶನಿವಾರ ಬೆಳಿಗ್ಗೆ ಇಬ್ರೂ ಒಟ್ಟಿಗೆ ಹೊರಡೋಣ. ನೀನಲ್ಲಿ ಹೇಗಿದ್ದೀಯ ಅಂತ ನಿನ್ನ ದನಿಲೇ ಗೊತ್ತಾಗುತ್ತೆ ಪುಟ್ಟಿ. ನಂಗೆ ಸಂಕಟ ಆಗುತ್ತೆ."

ಹೋಗುವುದೋ, ಇರುವುದೋ. ಮೊದಲನೆಯದೋ, ಎರಡನೆಯದೋ. ಅವಳು ಆ ವಾರವೆಲ್ಲ ಎರಡನ್ನೂ ತಿರುವಿ ತಿರುವಿ ನೋಡಿದಳು. ಅಲ್ಲೊಂದು ಕೋಣೆ, ಇಲ್ಲೊಂದು ಕೋಣೆ. ಅಲ್ಲೂ ಕತ್ತಲ ಒಳಕೋಣೆ, ಬೆಳಗುವ ಅಕ್ಷರ. ಎರಡೂ ಒಂದೇ ಥರ ಕಾಣುತ್ತಿದ್ದವು.

ಗುರುವಾರ ಸಂಜೆ ಅತ್ತೆ ಒಣಗಿದ ಹೊದಿಕೆ ತಂದು ಒಂದು ತುದಿ ಅವಳ ಕೈಗಿತ್ತರು. ಹಾಸುಬಟ್ಟೆ ಹೊದಿಕೆಗಳನ್ನು ಅತ್ತೆ ಒಬ್ಬರೇ ಮಡಿಸಿದ್ದೇ ಇಲ್ಲ. ಅದಕ್ಕೆ ನಾಲ್ಕು ಕೈ ಬೇಕು ಎಂಬುದು ಲಾಂಡ್ರಿಯ ಪಾಠ. ಇಬ್ಬರೂ ಎಳೆದು ಹಿಡಿದರು, ಕೊಡವಿದರು, ಮುಂದೆ ಬಂದು ಅಂಚಿಗೆ ಅಂಚು ಕೂಡಿಸಿದರು. ಬೆರಳಿಗೆ ಬೆರಳು ತಾಗಿದಾಗ ಅತ್ತೆ ಅಂದರು:

"ನಿಮ್ಮಣ್ಣ ನಂಗೂ ಫೋನ್ ಮಾಡಿದ್ದ. ಹೋಗು."

"ನೀವು?"

"ನಂಗೇನಾಗಿದೆ? ಕೈಕಾಲು ಗಟ್ಟಿ ಇದೆ. ಒಬ್ಬಳ ಹೊಟ್ಟೆಗೆ ಒಂದು ಮೊಟ್ಟೆ, ಒಂದು ಹಿಡಿ ಅಕ್ಕಿ. ಒಲೆ ಹಚ್ಚಿದ್ದೂ ಗೊತ್ತಾಗಲ್ಲ, ಆರಿಸಿದ್ದೂ ಗೊತ್ತಾಗಲ್ಲ."

"ಹೊದಿಕೆ ಯಾರು ಮಡಿಸ್ತಾರೆ?"

"ಮಡಿಸದೆ ಹೊದ್ಕೋತೀನಿ" ಎಂದು ಅತ್ತೆ ಅವಳ ಕೈಯಲ್ಲಿದ್ದ ತುದಿಯನ್ನೂ ತಾವೇ ತೆಗೆದುಕೊಂಡರು.

ಎಲ್ಲೋ ಒಂದು ಕಿಟಕಿ ಬಡಿದುಕೊಂಡಿತು, ನಮ್ಮ ಮನೆಯದಲ್ಲ, ಪಕ್ಕದವರದಿರಬೇಕು ಎನ್ನುವ ಹಾಗೆ ಅವಳು ಆ ಮಾತು ಕೇಳಿಸಿಕೊಂಡಳು. ಹೋಗು ಎಂದರಲ್ಲ, ಹೋಗುವುದೇ ಸರಿ. ಯಾರಾದರೊಬ್ಬರು ನಿರ್ಧರಿಸಿದರಾಯಿತು. ಆ ರಾತ್ರಿ ಪೆಟ್ಟಿಗೆ ಇಳಿಸಿ, ನಾಲ್ಕು ಬಟ್ಟೆ ಹಾಕಿ, ಮುಚ್ಚಳ ಮುಚ್ಚದೆ ಮೂಲೆಯಲ್ಲಿಟ್ಟಳು.

ಶುಕ್ರವಾರ ಅವಳು ಬಂದಾಗ ಹಲಗೆಯ ಮೇಲೆ ಅಣಬೆ, ಟೊಮೇಟೊ ಹೆಚ್ಚಿಟ್ಟಿದ್ದವು. ಜರಡಿಯಲ್ಲಿ ಪಾಲಕ್ ಸೊಪ್ಪು. ಅಣಬೆಯ ತೊಟ್ಟುಗಳನ್ನು ಅತ್ತೆ ಉಗುರಿನಿಂದ ಒಂದೊಂದೇ ಚಿವುಟಿ ತೆಗೆದಿದ್ದರು. ನೆಂಟರು ಬರುವ ದಿನದ ಕೆಲಸ ಅದು. ಅವಳು ಬಾಣಲೆ ಚೆನ್ನಾಗಿ ಕಾಯಿಸಿ ಅಣಬೆಯನ್ನು ಎಣ್ಣೆಯಿಲ್ಲದೆ ಹರಡಿದಳು. ಅದು ಮೊದಲು ಮುನಿಸಿಕೊಂಡು, ಆಮೇಲೆ ಬಿಕ್ಕಿ ನೀರು ಬಿಟ್ಟು, ಆ ನೀರನ್ನು ತಾನೇ ಕುಡಿದು ಕಂದುಬಣ್ಣಕ್ಕೆ ತಿರುಗಿತು. ಆಗ ಎಣ್ಣೆ, ಬೆಳ್ಳುಳ್ಳಿ, ಟೊಮೇಟೊ. ಕೊನೆಗೆ ಸೊಪ್ಪು. ಮೂರು ಮೊಟ್ಟೆ ಬೇಯಿಸಿ ಸುಲಿದಳು. ಅನ್ನದ ಗಂಜಿ ಬಸಿದಳು. ಮುಚ್ಚಳ ಮುಚ್ಚಿದಳು, ಉರಿ ತಗ್ಗಿಸಿದಳು, ಗೋಡೆಗೊರಗಿದಳು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಅಡುಗೆಮನೆಯಲ್ಲಿ ಅವಳೂ ಹೊರಗೆ ಅತ್ತೆಯೂ ಒಟ್ಟಿಗೇ ತಲೆಯೆತ್ತಿದರು. ಅಣ್ಣ ಬಂದಿದ್ದ, ಎರಡು ಕೈಯಲ್ಲೂ ಕಿತ್ತಳೆ ಹಣ್ಣಿನ ಚೀಲ.

"ಅಮ್ಮಾ, ಈ ಮೆಟ್ಟಿಲು ಹತ್ತೋರಿಗೆ ನಾನು ಲೈಸೆನ್ಸ್ ಹಾಗೇ ಕೊಡಿಸ್ತೀನಿ ನೋಡಿ, ಟೆಸ್ಟೇ ಬೇಡ" ಎಂದು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತ. ಮೂಲೆಯಲ್ಲಿ ಬಾಯಿ ತೆರೆದಿದ್ದ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು. ಮುಖ ಅರಳಿತು. ಪೂರ್ತಿ ಅರಳದ ಹಾಗೆ ಅತ್ತೆಯ ಕಡೆ ನೋಡಿ ತಡೆದುಕೊಂಡ.

ಬಡಿಸಿದರು. ಅಣ್ಣ ಕೈತುಂಬ ಕಲಸಿ ಒಂದು ತುತ್ತು ಬಾಯಿಗಿಟ್ಟ. ಮೇಜಿನಡಿಯಲ್ಲಿ ಅವನ ಬಲಗಾಲು ನೆಲ ಒತ್ತಿತು. ಕಲಿಯುವವರ ಪಕ್ಕದಲ್ಲಿ ಕೂತೂ ಕೂತೂ, ಏನಾದರೂ ಎಡವಟ್ಟಾದರೆ ಇಲ್ಲದ ಬ್ರೇಕು ತುಳಿಯುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಪುಟ್ಟಿ, ಉಪ್ಪು ಮರೆತಿದ್ದೀಯಲ್ಲೇ."

ಅತ್ತೆ ತಮ್ಮ ತಟ್ಟೆಯ ಅನ್ನವನ್ನು ಸುಮ್ಮನೆ ಒಟ್ಟುಗೂಡಿಸಿದರು.

"ಅಮ್ಮಾ, ನಿಮಗೇನಾದ್ರೂ ಡಾಕ್ಟರು ಉಪ್ಪು ಬಿಡಿ ಅಂದಿದ್ದಾರಾ? ಬಿಪಿ ಗಿಪಿ?"

"ಇಲ್ಲಪ್ಪ. ಅಂಥದ್ದೇನಿಲ್ಲ."

"ಮತ್ತೆ ಹೀಗೇ ತಿಂತಿದ್ದೀರಲ್ಲ ಇಬ್ರೂ, ಮುಖದಲ್ಲಿ ಒಂದು ಗೆರೆನೂ ಬದಲಾಗದೆ." ಅವನು ಒಬ್ಬರಿಂದ ಇನ್ನೊಬ್ಬರ ಕಡೆ ನೋಡಿದ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. "ಪರದೆಯವಳು" ಎಂದು ಎದ್ದು ಮೆಟ್ಟಿಲ ಕಡೆ ಹೋದ. ಹೊರಗಿನಿಂದ, "ಇನ್ನೂ ಕೇಳಿಲ್ಲ ಮಾರಾಯ್ತಿ, ಮೊದಲು ಊಟ ಆಗ್ಲಿ" ಎಂಬ ಮಾತು ಕೇಳಿಸಿತು.

ಸೊಸೆ ಬಾಣಲೆಯನ್ನೆತ್ತಿಕೊಂಡು ಒಳಗೆ ಹೋದಳು. ನೆಂಟನ ತಟ್ಟೆಗೆ ಉಪ್ಪು ಹಾಕದಿರಲು ಆಗುತ್ತದೆಯೇ. ಒಲೆಯ ಮೇಲಿಟ್ಟಳು. ಡಬ್ಬಿಯ ಮುಚ್ಚಳ ಬಿಗಿದುಹೋಗಿತ್ತು. ಸೆರಗು ಸುತ್ತಿ ತಿರುಗಿಸಿ ತೆಗೆದಳು. ಏನೂ ಹಾರಿಹೋಗಲಿಲ್ಲ. ಒಳಗೆ ಹೆಪ್ಪುಗಟ್ಟಿದ ಬಿಳಿ, ಅದರ ಮೇಲೆ ಅವನ ಬೆರಳುಗಳು ತೋಡಿ ಹೋದ ಒಂದು ಸಣ್ಣ ಗುಳಿ. ಅವಳು ಗುಳಿಯನ್ನು ಬಿಟ್ಟು ಅಂಚಿನಿಂದ ಚಮಚದಲ್ಲಿ ಕೆರೆದು ಹಾಕಿದಳು, ಕಲಕಿದಳು. ಡಬ್ಬಿ ಮುಚ್ಚಿ ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟಳು. ಬಿತ್ತು ಎನ್ನಲು ಬಾಯಿ ಬರಲಿಲ್ಲ. ಆ ಮಾತು ಅವಳದಲ್ಲ. ಮುಖಕ್ಕೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು.

ಬಚ್ಚಲಿನ ಕನ್ನಡಿಯಲ್ಲಿ ಮುಖ ಇದ್ದ ಹಾಗೇ ಇತ್ತು. ಒರೆಸಿಕೊಂಡು ಬರುವಷ್ಟರಲ್ಲಿ ಅತ್ತೆ ಬಾಣಲೆಯನ್ನು ಮೇಜಿಗೆ ತಂದು, ಫೋನು ಮುಗಿಸಿ ಬಂದ ಅಣ್ಣನಿಗೆ ಬಡಿಸುತ್ತಿದ್ದರು.

"ಈಗ ನೋಡಪ್ಪ."

ಅಣ್ಣ ತುತ್ತು ಬಾಯಿಗಿಟ್ಟ. ಈ ಸಲ ಎರಡೂ ಕಾಲು ನೆಲ ಒತ್ತಿದವು. ಕಣ್ಣಲ್ಲಿ ನೀರು ತುಂಬಿತು. ಉಗುಳಲಾಗದೆ, ನುಂಗಲಾಗದೆ ಕೈಯಲ್ಲಿ ಲೋಟದ ಸನ್ನೆ ಮಾಡಿದ. ಅವಳು ನೀರು ಕೊಟ್ಟಳು. ಇನ್ನೊಂದು ಲೋಟ ಕೊಟ್ಟಳು. ಅತ್ತೆ ಬಾಣಲೆಯ ಅಂಚಿನಿಂದ ಬೆರಳ ತುದಿಗೆ ತೆಗೆದು ನಾಲಿಗೆಗಿಟ್ಟು, ಅವಳ ಕಡೆ ತಿರುಗಿದರು.

"ನೀನು ಹಾಕಿದ್ಯಾ?"

"ನೀವು ಹಾಕಿದ್ರಾ?"

"ಹೇಳೋದಲ್ವೇನೇ?"

"ನೀವು ಕೇಳಬಹುದಿತ್ತಲ್ಲ."

"ಡಬ್ಬಿ ಇದ್ದ ಹಾಗೇ ಇತ್ತು. ಎಂದಿನ ಹಾಗೇ ನೀನು ಹಾಕದೆ ಹೋದೆ ಅಂದ್ಕೊಂಡು ನಾನು ಹಾಕಿದೆ."

ಆಡಿದ ಮೇಲೆ ಇಬ್ಬರಿಗೂ ಆ ಮಾತುಗಳ ಗುರುತು ಹತ್ತಿತು. ಹಳೆಯ ಜಗಳವೇ, ಒಂದಕ್ಷರ ಆಚೀಚೆಯಿಲ್ಲದೆ. ಇದರ ಮುಂದಿನ ಮಾತು ಬಾಗಿಲ ಕಡೆಯಿಂದ ಬರಬೇಕಿತ್ತು, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡವನಿಂದ. ಇಬ್ಬರೂ ಅದಕ್ಕೆ ಜಾಗ ಬಿಟ್ಟು ಸುಮ್ಮನಾದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೆಳಗಿನ ಬೀದಿಯಲ್ಲಿ ಒಂದು ಬಸ್ಸು ನಿಂತು ಹೋದ ಸದ್ದಾಯಿತು.

ಅತ್ತೆ ಕುರ್ಚಿಯಲ್ಲಿ ಕೂತರು.

"ಎಂದಿನ ಹಾಗೇ ಅಂದ್ರೇನಮ್ಮಾ?" ಅಣ್ಣ ಮೂರನೆಯ ಲೋಟ ಕೆಳಗಿಟ್ಟ. "ಎಷ್ಟು ದಿನದಿಂದ ಹೀಗೆ?"

"ಅವನು ಹೋದಾಗಿಂದ" ಅಂದರು ಅತ್ತೆ. ಆಮೇಲೆ ಅವನಿಗಲ್ಲ, ಅವಳಿಗೆ ಹೇಳಿದರು. "ನೀನು ಹಾಕ್ತೀಯ ಅಂತ ಕಾದೆ. ನಿನ್ನ ಗಂಡನ ಕೆಲಸ, ನಿಂಗೇ ಸೇರಬೇಕಾದ್ದು. ನಾನು ಕೈ ಹಾಕಿದ್ರೆ ಕಿತ್ಕೊಂಡ ಹಾಗಾಗುತ್ತೆ ಅಂತ ಬಿಟ್ಟೆ."

"ನಿಮ್ಮ ಮಗನ ಕೆಲಸ ಅಂತ ನಾನು ಬಿಟ್ಟೆ."

"ದಿನಾ ಸಪ್ಪೆ ಬಡಿಸ್ತಿದ್ದೆಯಲ್ಲ. ಬಾಯಲ್ಲಿ ಹೇಳಲಾರದೆ ಹೀಗೆ ಹೇಳ್ತಿದ್ದಾಳೆ ಅಂದ್ಕೊಂಡೆ. ಈ ಮನೆ ಉಪ್ಪಿನ ಋಣ ತೀರಿತು, ಬಿಟ್ಟುಬಿಡಿ ಅಂತ. ಅದಕ್ಕೇ ಹೋಗು ಅಂದೆ."

ಅವಳು ಅತ್ತೆಯ ಮುಖ ನೋಡಿದಳು. ಇಷ್ಟು ತಿಂಗಳು ಎದುರುಬದುರು ಕೂತು ಉಂಡರೂ ನೋಡಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ತಲೆಯ ಬೈತಲೆ ಅಗಲವಾಗಿತ್ತು. ನಾನು ಮಾಡಿದ್ದನ್ನೇ ಇವರೂ ಮಾಡುತ್ತ ಕೂತಿದ್ದರು, ಅದೇ ಬಾಣಲೆಯ ಆಚೆ ಬದಿಯಲ್ಲಿ. ಅಳು ಬರಬೇಕಾದ ಹೊತ್ತು ಇದು ಎಂದು ಅವಳಿಗೆ ತಿಳಿಯಿತು. ಬರಲಿಲ್ಲ. ಬಂದದ್ದು ಬೇರೆ, ಜೋಮು ಬಿಡುವ ಕಾಲಿನಲ್ಲಿ ಮೊದಲು ಹರಿಯುವ ಒಂದೆರಡು ಇರುವೆ.

"ನಾನು ಹಾಗಂದ್ಕೊಂಡೇ ಇಲ್ಲ ಅತ್ತೆ. ನೀವು ಬೇಕಂತ ಮಾಡ್ತಿದ್ದೀರಿ ಅಂತಿದ್ದೆ."

"ಏನಂತ?"

"ಈ ಮನೆಲಿ ನಂಗಿನ್ನೇನು ಉಪ್ಪು ಅಂತ."

ಅತ್ತೆ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಒಬ್ಬರಿಗೊಬ್ಬರು ಲಾಯಕ್ಕಾಗಿದ್ದೀವಿ" ಅಂದರು. "ಅವನಿದ್ದಿದ್ರೆ ಇಬ್ರನ್ನೂ ಗಡೀಪಾರು ಮಾಡ್ತಿದ್ದ."

ಅಣ್ಣ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಬಾಣಲೆಯನ್ನು ನೋಡಿದ. "ನಾನು ಹೊಸಬರಿಗೆ ಮೊದಲ ದಿನ ಹೇಳಿಕೊಡೋದು ಏನು ಗೊತ್ತಾ? ತಿರುಗೋ ಮುಂಚೆ ದೀಪ ಹಾಕಿ, ಹಿಂದೆ ಬರೋನಿಗೆ ನಿಮ್ಮ ಮನಸ್ಸು ಗೊತ್ತಾಗಲ್ಲ ಅಂತ. ನೀವಿಬ್ರೂ..." ನೀರು ಕುಡಿದ. "ಸರಿ. ಈಗ ಹೇಳು ಪುಟ್ಟಿ. ಬೆಳಿಗ್ಗೆ ಹೊರಡೋದೋ, ಬೇಡವೋ? ನಾನು ಬಲವಂತ ಮಾಡಲ್ಲ. ಆದರೆ ಇವತ್ತು ಹೇಳಬೇಕು."

ಮೊದಲನೆಯದೋ, ಎರಡನೆಯದೋ. ಅವಳು ಕಣ್ಣು ಮುಚ್ಚಿ ತೆರೆದಳು, ತಾನೇ ಬೇರೆಯವರಿಗೆ ಹೇಳುವ ಹಾಗೆ. ಎರಡೂ ಮಸುಕೇ. ಆದರೆ ಒಂದರಲ್ಲಿ ಒಂದು ಅಕ್ಷರ, ಒಂದೇ ಒಂದು, ಕೂದಲೆಳೆಯಷ್ಟು ಅಂಚು ಕಟ್ಟಿ ಕಾಣುತ್ತಿತ್ತು. ಅಷ್ಟು ಕಂಡರೆ ಸಾಕು, ಆ ಗಾಜಿನಿಂದಲೇ ಮುಂದುವರಿಯುವುದು ಅವಳ ಕೆಲಸದ ಕ್ರಮ.

"ನಾನು ಬರಲ್ಲ ಅಣ್ಣ. ಆ ಕೆಲಸ ಬೇರೆಯವರಿಗೆ ಕೊಡ್ಲಿ."

"ನಂಗೋಸ್ಕರ ಇರಬೇಡ" ಎಂದರು ಅತ್ತೆ ಥಟ್ಟನೆ. "ಕನಿಕರ ಗಿನಿಕರ ನಂಗೆ ಬೇಡ."

"ಕನಿಕರ ಎಲ್ಲಿಂದ ಬರಬೇಕು ಅತ್ತೆ, ನಂಗೆ ಏನೂ ಬರ್ತಿಲ್ಲ" ಎಂದಳು ಅವಳು. ಸುಳ್ಳಿರಲಿಲ್ಲ ಅದರಲ್ಲಿ. "ಅಲ್ಲಿ ಹೋದ್ರೆ ಅತ್ತಿಗೆ ಸರಿಯಾಗಿ ಉಪ್ಪು ಹಾಕಿ ಬಡಿಸ್ತಾಳೆ. ಉಂಡ್ಕೊಂಡು ಹೀಗೇ ಇದ್ದುಬಿಡ್ತೀನಿ. ಇಲ್ಲಾದ್ರೆ ಯಾರು ಹಾಕಬೇಕು ಅಂತ ದಿನಾ ನಿಮ್ಮ ಜೊತೆ ಮಾತಾಡಲೇಬೇಕು."

ಅತ್ತೆ ಅವಳನ್ನು ನೋಡಿದರು. ಎದ್ದು ಬಾಣಲೆ ಕೈಗೆತ್ತಿಕೊಂಡರು.

"ಟೊಮೇಟೊ ಎರಡಿದೆ. ಹೆಚ್ಚು. ಅಪ್ಪಾ, ನೀನು ಕಾಲಲ್ಲಿ ಬ್ರೇಕ್ ಹಾಕ್ತಾ ಕೂರಬೇಡ, ಬುಟ್ಟಿಲಿ ಆಲೂಗಡ್ಡೆ ಇದೆ, ಸಿಪ್ಪೆ ತೆಗಿ. ಉಪ್ಪನ್ನ ಎಳ್ಕೊಳ್ಳುತ್ತೆ ಅದು."

"ನೆಂಟನ ಕೈಲಿ ಕೆಲಸ ಮಾಡಿಸ್ತೀರಾ ಅಮ್ಮಾ?"

"ನೆಂಟ ಆಗಿದ್ರೆ ಬಾಯಿ ಮುಚ್ಕೊಂಡು ತಿಂದು ಹೋಗಬೇಕಿತ್ತು."

ಆಲೂಗಡ್ಡೆ ಬಿತ್ತು, ಟೊಮೇಟೊ ಬಿತ್ತು, ಮಿಕ್ಕಿದ್ದ ಬಟಾಣಿಯೂ ಬಿತ್ತು. ಉಪ್ಪು ಒಂದು ಹದಕ್ಕೆ ಬರುವಷ್ಟರಲ್ಲಿ ಬಾಣಲೆ ಮೂವರಿಗಲ್ಲ, ಮೂವತ್ತು ಜನಕ್ಕಾಗುವ ಹಾಗೆ ತುಂಬಿತ್ತು. ಅಣ್ಣ ಎರಡು ಸಲ ಬಡಿಸಿಕೊಂಡು ಉಂಡ. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಡುವಾಗ ಅತ್ತೆ ಏನೂ ಅನ್ನಲಿಲ್ಲ. ಬೆಳಿಗ್ಗೆ ಅವನೊಬ್ಬನೇ ಹೊರಟ. ಮೆಟ್ಟಿಲಿಳಿಯುತ್ತ, "ಪರದೆ ಹಳದಿದೇ ಹಾಕ್ಸಿರ್ತೀನಿ. ಯಾವಾಗಲಾದ್ರೂ ಬಂದು ನೋಡು" ಎಂದ. ಅವಳು ಪೆಟ್ಟಿಗೆಯಿಂದ ಬಟ್ಟೆ ತೆಗೆದು ಮತ್ತೆ ಮೊಳೆಗೆ ನೇತುಹಾಕಿದಳು. ಅದರಲ್ಲಿ ಸಂತೋಷವೇನೂ ಇರಲಿಲ್ಲ. ಬಟ್ಟೆ ಇರಬೇಕಾದ ಜಾಗ ಅದು.

ಸೋಮವಾರ ಸಂಜೆ ಹಲಗೆಯ ಮೇಲೆ ಬೀನ್ಸಿತ್ತು. ಅವನ ಸುದ್ದಿಯ ಫೋನು ಬಂದ ಆ ಸಂಜೆಯ ಮೇಲೆ ಅತ್ತೆ ಬೀನ್ಸು ತಂದದ್ದು ಅದೇ ಮೊದಲು. ಅವಳು ಅದನ್ನು ನೋಡಿದಳು, ಒಲೆ ಹಚ್ಚಿದಳು. ತಣ್ಣನೆಯ ಎಣ್ಣೆಗೆ ಬೆಳ್ಳುಳ್ಳಿ. ಬೀನ್ಸು ಬೆಂದು ಹಸಿರು ಆಳವಾಯಿತು. ಮುಚ್ಚಳ ಮುಚ್ಚಿದಳು, ಉರಿ ತಗ್ಗಿಸಿದಳು. ಮೆಟ್ಟಿಲ ಮೇಲೆ ಯಾವ ಸದ್ದೂ ಇರಲಿಲ್ಲ. ಅತ್ತೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ಯಾರು?" ಅಂದಳು ಅವಳು.

"ಇವತ್ತು ನಾನು. ನಾಳೆ ನೀನು."

ಅವಳು ಪಕ್ಕಕ್ಕೆ ಸರಿದಳು. ಅತ್ತೆ ಡಬ್ಬಿ ತೆರೆದು, ಗುಳಿಯನ್ನು ಕಂಡು ಒಂದು ಕ್ಷಣ ತಡೆದು, ಅದರ ಪಕ್ಕದಿಂದ ಚಿಟಿಕೆ ಕೆರೆದರು. ಕೈಯನ್ನು ಮೇಲೆತ್ತಲಿಲ್ಲ, ಬಾಣಲೆಗೆ ಹತ್ತಿರ ಹಿಡಿದು, ಎಣಿಸಿದ ಹಾಗೆ ಉದುರಿಸಿದರು. ಡಬ್ಬಿ ಮುಚ್ಚಿದರು.

"ಬಿತ್ತು" ಅಂದರು ಮೆಲ್ಲಗೆ.

ಅವಳು ಎರಡು ತಟ್ಟೆ ತೆಗೆದಳು. ಇಬ್ಬರೂ ಕೂತು ಉಂಡರು. ರುಚಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಉಪ್ಪು ಇದೆ ಎಂಬುದು ಮಾತ್ರ ಗೊತ್ತಾಯಿತು.